ಕಡ್ಡಿ ಪುಡ್ಡಿಂಗ್ ಮಾಡಿದ್ದು ನಾನು

ನನ್ನ ಮಗಳ ಅತ್ತೆಯವರಾದ ಬೀಗಿತ್ತಿಯವರಿಗೆ,

ಮೊದಲು ಒಂದು ಮಾತು. ಈ ಕಾಗದ ಒಡೆದವರು ಬೀಗಿತ್ತಿಯವರಲ್ಲದೆ ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಾಗಬೇಕು ನಿಮಗೆ. ಲಕೋಟೆಯ ಮೇಲೆ ಅಷ್ಟು ದಪ್ಪಗೆ ಹೆಸರು ಬರೆದಿದ್ದೇನೆ, ಕಣ್ಣು ಏನು ಮಾಡುತ್ತಿದ್ದವು? ಅಳಿಯಂದಿರಾದರೆ ಮಡಚಿ ಅಮ್ಮನ ಕೈಗೆ ಕೊಡಿ. ಮಗಳಾದರೆ, ಲೇ, ಇನ್ನೊಬ್ಬರ ಕಾಗದ ಓದುವ ಬುದ್ಧಿಯನ್ನು ನಾನಂತೂ ಕಲಿಸಿಲ್ಲ. ಬೀಗಿತ್ತಿಯವರೇ ಓದುತ್ತಿದ್ದರೆ ಒಲೆ ಆರಿಸಿ ಬಂದು ಕುಳಿತುಕೊಳ್ಳಿ. ಬೈಗುಳ ನಿಮಗೂ ಇದೆ, ನಿಮಗೇ ಹೆಚ್ಚು ಇದೆ. ಅಕ್ಷರ ಸೊಟ್ಟಗಿದೆ ಎಂದು ನಗಬೇಡಿ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಬಿಡಿಸಿ ದನ ಕಾಯಲು ಕಳಿಸಿದರು. ಅಷ್ಟರೊಳಗೆ ಕಲಿತದ್ದು ಇಷ್ಟು. ಬೈಯುವುದಕ್ಕೆ ಇಷ್ಟು ಸಾಕು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮೊಡನೆ ಗೆದ್ದವರಿದ್ದಾರೆಯೇ? ಟೆಲಿಫೋನ್ ಆಫೀಸಿನಲ್ಲಿ ಆಯುಸ್ಸು ಕಳೆದವರು ನೀವು, ಗಂಟಲಲ್ಲಿ ಜೇನುಗೂಡು ಕಟ್ಟಿಕೊಂಡಿದ್ದೀರಿ. ನಾನು ಗಿರಣಿಯ ಕ್ಯಾಂಟೀನಿನಲ್ಲಿ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಬಡಿಸಿದವಳು. ನಾನು ಪ್ರೀತಿಯಿಂದ ಕರೆದರೂ ಜಗಳಕ್ಕೆ ಕರೆದ ಹಾಗಿರುತ್ತದೆ. ಕಾಗದದ ಮೇಲಾದರೆ ನಿಮ್ಮ ದನಿ ನನ್ನ ಮಾತಿನ ನಡುವೆ ನುಸುಳಲಾರದು.

ವಿಷಯ ನಮ್ಮ ಚಿನಕುರುಳಿಯದು. ನಿಮಗೆ ಮಗನ ಮಗಳು, ನನಗೆ ಮಗಳ ಮಗಳು. ತಕ್ಕಡಿಯಲ್ಲಿ ಇಟ್ಟರೆ ಎರಡೂ ಕಡೆ ಸಮ ತೂಗಬೇಕು. ಆದರೆ ಅವಳು ದಿನಾ ಮಲಗಿ ಏಳುವುದು ನಿಮ್ಮ ಮಗ್ಗುಲಲ್ಲಿ, ನನ್ನ ಬಳಿ ಬರುವುದು ಶಾಲೆಗೆ ರಜೆ ಬಿಟ್ಟಾಗ. ನಿಮ್ಮನ್ನು 'ಅಜ್ಜಮ್ಮ' ಎನ್ನುತ್ತಾಳೆ, ನನ್ನನ್ನು ಬರೀ 'ಅಜ್ಜಿ'. ಆ ಒಂದು 'ಅಮ್ಮ' ನಿಮಗೆ ಹೆಚ್ಚಿಗೆ ಯಾಕೆ ಸಿಕ್ಕಿತು ಎಂದು ನಾನು ಎಂದಾದರೂ ಕೇಳಿದ್ದೇನೆಯೇ? ಕೇಳಿಲ್ಲ. ಒಳಗೇ ಸುಟ್ಟುಕೊಂಡಿದ್ದೇನೆ.

ಮೊದಲು ಹಾಗಿರಲಿಲ್ಲ. ಬಸ್ಸಿಳಿದವಳು ಚಪ್ಪಲಿ ಸಹ ಬಿಡದೆ ಅಡುಗೆಮನೆಗೆ ನುಗ್ಗಿ, ಸ್ಟೂಲು ಎಳೆದು ಹತ್ತಿ, ಮೇಲಿನ ಡಬ್ಬಕ್ಕೆ ಕೈ ಹಾಕುತ್ತಿದ್ದಳು. ನನ್ನ ಪ್ರೀತಿಯೆಲ್ಲ ಸಕ್ಕರೆಯಲ್ಲೇ ಇತ್ತು ಬೀಗಿತ್ತಿಯವರೇ. ಮುದ್ದಾಡುವುದು ನನಗೆ ಬರುವುದಿಲ್ಲ, ಕಥೆ ಹೇಳಲು ಬರುವುದಿಲ್ಲ. ಪಾಕ ಹಿಡಿಯಲು ಬರುತ್ತದೆ. ಅಂಥದ್ದರಲ್ಲಿ ಆ ಪುಟ್ಟ ಜೀವಕ್ಕೆ ಸಕ್ಕರೆ ಕಾಯಿಲೆ ಬಂತು. ಹೊಟ್ಟೆಗೆ ದಿನವೂ ಸೂಜಿ ಚುಚ್ಚಿಕೊಳ್ಳುವ ಮಗುವಿನ ಮುಂದೆ ನಾನು ಯಾವ ಡಬ್ಬ ತೆಗೆಯಲಿ? ಕೈ ಕಡಿದು ಹಾಕಿದ ಹಾಗಾಯಿತು. ಆ ಹೊತ್ತಿಗೆ ಸರಿಯಾಗಿ ನೀವು ಎಲ್ಲಿಂದಲೋ ಈ ಕಡ್ಡಿ ಪುಡ್ಡಿಂಗ್ ಕಲಿತುಬಿಟ್ಟಿರಿ. ಹಾಲು, ಕೋಕೋ, ಒಂದಿಷ್ಟು ಕಾರ್ನ್‌ಫ್ಲೋರ್, ಸಕ್ಕರೆಯ ಬದಲು ಡಬ್ಬಿಯ ಸಿಹಿ ಪುಡಿ. ಕಾಯಿಸಿ, ಅಚ್ಚಿಗೆ ಹೊಯ್ದು, ಕಡ್ಡಿ ಸಿಕ್ಕಿಸಿ ಫ್ರೀಜರಿನಲ್ಲಿಟ್ಟರೆ ಆಯಿತು. ಅಂದಿನಿಂದ ಫೋನೆತ್ತಿದರೆ ಅದೇ ಪುರಾಣ: "ಅಜ್ಜೀ, ಅಜ್ಜಮ್ಮ ಮಾಡೋ ಕಡ್ಡಿ ಪುಡ್ಡಿಂಗ್ ನಿಂಗೆ ಬರುತ್ತಾ?"

ಬರುತ್ತಾ ಎಂದು ನನ್ನನ್ನು ಕೇಳಿದಳು! ಪಾಳಿಗೆ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವಳನ್ನು!

ಮಗಳಿಂದ ಅಳತೆ ಕೇಳಿ ಬರೆದುಕೊಂಡೆ. ಮೊದಲ ಸಲ ಸಿಹಿ ಪುಡಿಯನ್ನು ಸಕ್ಕರೆಯ ಹಾಗೆಯೇ ಸೌಟಿನಲ್ಲಿ ಸುರಿದು ಕುದಿಸಿದೆ. ನಮ್ಮ ಮನೆಯವರು ನೆಕ್ಕಿ ನೋಡಿ, ರಿಪೇರಿ ಮಾಡುತ್ತಿದ್ದ ಗಡಿಯಾರ ಬಿಟ್ಟು ಕೊಳಾಯಿಯ ಕಡೆಗೆ ಓಡಿದರು. "ಇದನ್ನ ಇಲಿಗೆ ಇಡು, ಔಷಧಿ ಖರ್ಚು ಉಳಿಯುತ್ತೆ" ಎಂದರು. ಮರುಸಲ ಪುಡಿ ಚಿಟಿಕೆಯಷ್ಟೇ ಹಾಕಿದೆ, ಒಲೆಯಿಂದ ಇಳಿಸಿದ ಮೇಲೆ ಹಾಕಿದೆ. ಕಹಿ ಹೋಯಿತು. ಆದರೆ ಫ್ರೀಜರಿನಿಂದ ತೆಗೆದರೆ ಕಲ್ಲು. ಚಪ್ಪಡಿ ಕಲ್ಲು. ಸಕ್ಕರೆ ಬರೀ ಸಿಹಿಗಲ್ಲ, ಮಂಜುಗಡ್ಡೆ ಬಿಗಿಯದಂತೆ ತಡೆಯುವುದೂ ಅದೇ ಎಂದು ಆಗ ತಿಳಿಯಿತು. ಬಿಟ್ಟೆನೇ? ನನ್ನ ಹೊಟ್ಟೆಯಲ್ಲಿ ಕೆಂಡವಿತ್ತಲ್ಲ, ಅದೇ ಒಲೆಯಾಯಿತು. ಮಾಡಿದೆ, ಚೆಲ್ಲಿದೆ, ಮತ್ತೆ ಮಾಡಿದೆ. ಕೊನೆಗೊಮ್ಮೆ ಬೆಣ್ಣೆಯಂತೆ ಬಂತು. ಕಚ್ಚಿದರೆ ಹಲ್ಲಿಗೆ ನೋವಾಗದು, ನಾಲಿಗೆಯ ಮೇಲೆ ಮೆಲ್ಲನೆ ಕರಗುವುದು. ನಮ್ಮ ಮನೆಯವರು ಮಾತಾಡದೆ ಎರಡನೆಯದಕ್ಕೆ ಕೈ ಚಾಚಿದರು. ಅವರ ಬಾಯಲ್ಲಿ ಹೊಗಳಿಕೆ ಎಂದರೆ ಅದೇ.

ಈ ರಜೆಗೆ ಚಿನಕುರುಳಿ ಬರಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡು ಕಾದೆ. ಬಂದಳು. ಅವಳ ಹಿಂದೆಯೇ ಅವಳಪ್ಪ ಒಂದು ಐಸ್ ಪೆಟ್ಟಿಗೆ ಹೊತ್ತು ಬಂದರು. ಒಳಗೆ ನಿಮ್ಮ ನೀಲಿ ಅಚ್ಚುಗಳು, ತುಂಬ ಕಡ್ಡಿ ಪುಡ್ಡಿಂಗ್. ಮೇಲೊಂದು ಚೀಟಿ, ಒಂದು ಕಡ್ಡಿ ತಿಂದರೆ ಸೂಜಿಯ ಔಷಧಿ ಎಷ್ಟು ಎಂಬ ಲೆಕ್ಕ. ಅಲ್ಲ, ಕೇಳುತ್ತೇನೆ, ನನ್ನ ಮನೆಯಲ್ಲಿ ಒಲೆಯಿಲ್ಲವೇ? ಅಡುಗೆಯವಳ ಮನೆಗೆ ಬುತ್ತಿ ಕಟ್ಟಿ ಕಳಿಸುತ್ತಾರೆಯೇ ಯಾರಾದರೂ? ನೀವು ಮಗುವಿನ ಮೇಲಿನ ಅಕ್ಕರೆಯಿಂದಲೇ ಕಳಿಸಿರಬಹುದು. ನನಗೆ ಕಂಡದ್ದು ಕೆನ್ನೆಗೆ ಹೊಡೆದ ಹಾಗೆ.

ಸ್ಟೀಲ್ ಲೋಟದಲ್ಲಿ ಮಾಡಿಟ್ಟ ನನ್ನದನ್ನು ಮುಂದೆ ಹಿಡಿದರೆ ನೋಡಲೂ ಇಲ್ಲ. "ಆಮೇಲೆ ಅಜ್ಜಿ, ಮೊದಲು ಅಜ್ಜಮ್ಮಂದು" ಎಂದಳು. ಆಮೇಲೆ ಎನ್ನುವುದು ಬರಲೇ ಇಲ್ಲ.

ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ಅವಳು ಎದುರುಮನೆ ಹುಡುಗಿಯರೊಡನೆ ಆಡಲು ಹೋದಾಗ ನಿಮ್ಮ ಅಚ್ಚುಗಳನ್ನು ಖಾಲಿ ಮಾಡಿ, ತೊಳೆದು, ಅದರಲ್ಲಿ ನನ್ನದನ್ನು ಹೊಯ್ದಿಟ್ಟೆ. ಗಾಬರಿಯಾಗಬೇಡಿ. ಹಾಲು, ಹಿಟ್ಟು, ಕೆನೆ ಎಲ್ಲದರ ಅಳತೆಯನ್ನೂ ಮಗಳಿಗೆ ಓದಿ ಹೇಳಿ, ಅವಳು ಲೆಕ್ಕ ಸರಿ ಎಂದ ಮೇಲೆಯೇ ಮಾಡಿದ್ದು. ಹೊಟ್ಟೆಕಿಚ್ಚು ನನಗಿದೆ, ಬುದ್ಧಿ ಕೆಟ್ಟಿಲ್ಲ. ಖಾಲಿ ಮಾಡಿದ ನಿಮ್ಮದನ್ನು ನಾನೂ ನಮ್ಮ ಮನೆಯವರೂ ತಿಂದೆವು. ಚೆನ್ನಾಗಿಯೇ ಇತ್ತು. ಸ್ವಲ್ಪ ಪುಡಿಪುಡಿ ಮಂಜಿತ್ತು, ಹೇಳದೆ ಇರಲಾರೆ. ನನ್ನ ಲೆಕ್ಕ ಏನೆಂದರೆ, ಅವಳು ಚಪ್ಪರಿಸಿ ತಿನ್ನಲಿ, ಬಾಯ್ತುಂಬ ಹೊಗಳಲಿ, ಆಗ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತೇನೆ: ಯಾರು ಮಾಡಿದ್ದು ಗೊತ್ತೇನೇ?

ತಿಂದಳು. ಕಣ್ಣು ಮುಚ್ಚಿ ತಿಂದಳು. ಮೊಣಕೈವರೆಗೆ ಸೋರಿದ್ದನ್ನೂ ನೆಕ್ಕಿದಳು. ನಾನು ಸೊಂಟಕ್ಕೆ ಕೈ ಕೊಂಡೊಯ್ಯುವಷ್ಟರಲ್ಲಿ ಆ ಹುಡುಗಿ ಫೋನೆತ್ತಿ ನಿಮಗೇ ಮಾಡಿಬಿಟ್ಟಳಲ್ಲ! ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದಳು.

"ಅಜ್ಜಮ್ಮಾ! ಈ ಸಲದ್ದು ಎಲ್ಲಕ್ಕಿಂತ ಸೂಪರ್! ಏನು ಹಾಕಿದ್ದೆ?"

ನೀವು ಆ ಜೇನಿನ ಗಂಟಲಲ್ಲಿ ಹೇಳಿದಿರಿ: "ಕೆನೆ ಸ್ವಲ್ಪ ಜಾಸ್ತಿ ಹಾಕಿದ್ದೆ ಪುಟ್ಟಾ."

ಬೀಗಿತ್ತಿಯವರೇ, ನಾನು ನಿಮ್ಮದನ್ನು ತಿಂದಿದ್ದೇನೆ. ಅದರಲ್ಲಿ ಕೆನೆಯ ವಾಸನೆಯೂ ಇರಲಿಲ್ಲ.

ಕೂಗಿದೆ. ಗಿರಣಿಯ ದನಿಯಲ್ಲೇ ಕೂಗಿದೆ: "ಅದು ನಾನು ಮಾಡಿದ್ದು ಕಣೇ! ಅಚ್ಚು ಮಾತ್ರ ಅವರದು!" ಚಿನಕುರುಳಿ ಬಿದ್ದು ಬಿದ್ದು ನಕ್ಕಳು. "ಅಜ್ಜಮ್ಮಾ, ಅಜ್ಜಿ ನೋಡು, ಇದು ತಾನೇ ಮಾಡಿದ್ದಂತೆ!" ಅದಕ್ಕೆ ನೀವು ಏನೆಂದಿರಿ, ನೆನಪಿದೆಯೇ? ನನಗಿದೆ. "ಹೇಳ್ಲಿ ಬಿಡು ಪುಟ್ಟಾ, ಅಜ್ಜಿಗೂ ಆಸೆ ಇರುತ್ತಲ್ವಾ."

ಆಸೆ! ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ನಿಮ್ಮದು. ಮಗು ಬಂದು ನನ್ನ ಕೆನ್ನೆ ಸವರಿ, "ಹೋಗ್ಲಿ ಬಿಡಜ್ಜಿ, ನೀನು ಮಾಡೋ ಸೂಪೂ ಚೆನ್ನಾಗಿರುತ್ತೆ" ಎಂದು ಸಮಾಧಾನ ಮಾಡಿತು. ಆ ಕನಿಕರಕ್ಕಿಂತ ಒದ್ದಿದ್ದರೆ ವಾಸಿಯಿತ್ತು. ನಮ್ಮ ಮನೆಯವರು ಗಡಿಯಾರ ರಿಪೇರಿಯ ಭೂತಗಾಜಿನಿಂದ ಕಣ್ಣೆತ್ತದೆ, "ಬೇರೆಯವರ ಪಾತ್ರೆಗೆ ನಿನ್ನ ಅಡುಗೆ ಸುರಿದು ಹೆಸರು ನಂಗೇ ಬರಲಿ ಅಂದ್ರೆ ಎಲ್ಲಿಂದ ಬರುತ್ತೆ?" ಎಂದರು. ಅವರೊಡನೆ ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲಿಲ್ಲ, ಅದು ಬೇರೆ ವಿಷಯ.

ನಿಮ್ಮ ಹೆಸರಿನಲ್ಲೇ ಅವಳು ಎಲ್ಲವನ್ನೂ ತಿಂದು ಮುಗಿಸಿ ಊರಿಗೆ ಹೋದಳು. ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಾಗಿದ್ದೆ. ಈ ಕಾಗದ ಬರೆಯುತ್ತಲೇ ಇರಲಿಲ್ಲ. ಆದರೆ ನಿನ್ನೆ ಮಗಳು ಫೋನು ಮಾಡಿದ್ದಳು. "ಅಮ್ಮಾ, ಅತ್ತೆ ಎಷ್ಟು ಸಲ ಮಾಡಿದ್ರೂ ಇವಳು ಬಾಯಿಗಿಟ್ಟು ಹಾಗೇ ಇಟ್ಟುಬಿಡ್ತಾಳೆ. 'ರಜೆಗೆ ಕಳಿಸಿದ್ಯಲ್ಲ ಅಜ್ಜಮ್ಮಾ, ಆ ಥರದ್ದೇ ಬೇಕು' ಅಂತ ಹಠ. ಅತ್ತೆ ಕೆನೆ ಸುರಿದೂ ಸುರಿದೂ ಸಾಕಾಗಿದಾರೆ" ಎಂದಳು.

ನಿಜ ಹೇಳುತ್ತೇನೆ, ಕೇಳಿ ಹಬ್ಬವಾಯಿತು ನನಗೆ. ಸುರಿಯಿರಿ ಕೆನೆ, ಇನ್ನೂ ಸುರಿಯಿರಿ ಎಂದುಕೊಂಡೆ. ಸುಳ್ಳು ಹೇಳುವುದು ಸುಲಭ, ಅದನ್ನು ಅಚ್ಚಿಗೆ ಹೊಯ್ಯುವುದು ಕಷ್ಟ.

ಆಮೇಲೆ ಮಗಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಮಗುವಿನ ಶಾಲೆಯ ಚೀಲದಲ್ಲಿ ಅಂಗಡಿ ಐಸ್‌ಕ್ರೀಮಿನ ಕಾಗದ ಸಿಕ್ಕಿತಂತೆ. ಗೆಳತಿಯರ ಜೊತೆ ಕದ್ದು ತಿಂದು, ಸಂಜೆ ಸಕ್ಕರೆ ಏರಿ, ಬಾಯಿ ಒಣಗಿ, ವಾಂತಿ ಮಾಡಿಕೊಂಡಳಂತೆ, ನೀವೆಲ್ಲ ಆಸ್ಪತ್ರೆಯವರೆಗೆ ಹೋಗಿ ಬಂದಿರಂತೆ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತವರು ನೀವಂತೆ. ಅದನ್ನು ಕೇಳಿದಾಗಲೂ ನನಗೆ ಮೊದಲು ಬಂದದ್ದು ಭಯ, ಅದರ ಬೆನ್ನಿಗೇ ಬಂದದ್ದು ಆ ಮಡಿಲಿನ ಮೇಲಿನ ಕಿಚ್ಚು. ನನ್ನದು ಇಂಥ ಹಾಳು ಜೀವ. ಏನು ಮಾಡಲಿ?

ಆದ್ದರಿಂದ ಕೇಳಿ. ಒಂದೇ ಸಲ ಬರೆಯುತ್ತೇನೆ. ಕೊಡಲು ಮನಸ್ಸಿಲ್ಲದಿದ್ದರೂ ಕೊಡುತ್ತಿದ್ದೇನೆ.

ಕೆನೆ ಎಷ್ಟು ಹಾಕಿದಿರಿ ಎನ್ನುವುದರಲ್ಲಿ ಇಲ್ಲ ಗುಟ್ಟು. ಹಿಟ್ಟನ್ನು ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದೆ ಕಲಸಿ, ಸೌಟಿನ ಬೆನ್ನಿಗೆ ಅಂಟುವ ತನಕ ಕಾಯಿಸಿ. ಇಳಿಸಿ, ಸಿಹಿ ಪುಡಿ ಹಾಕಿ, ಪೂರ್ತಿ ಆರಲಿ. ಬಿಸಿಯಲ್ಲಿ ಒಳಗಿಟ್ಟರೆ ಮಂಜು ಕಟ್ಟುತ್ತದೆ, ನೀವು ಅವಸರದಲ್ಲಿ ಇಡುತ್ತೀರಿ, ತಿಂದು ನೋಡಿಯೇ ಗೊತ್ತಾಯಿತು. ನೇರ ಅಚ್ಚಿಗೆ ಹೊಯ್ಯಬೇಡಿ. ಅಗಲ ಪಾತ್ರೆಯಲ್ಲಿ ಫ್ರೀಜರಿಗಿಡಿ. ಅಂಚು ಗಟ್ಟಿಯಾಗಿ ನಡು ಇನ್ನೂ ಅಲುಗುತ್ತಿರುವಾಗ ಹೊರತೆಗೆದು ಕಡೆಗೋಲಿನಲ್ಲಿ ಕಡೆಯಿರಿ, ಮಜ್ಜಿಗೆ ಕಡೆದ ಹಾಗಲ್ಲ, ಹಗೆಯವರ ಮೇಲಿನ ಸಿಟ್ಟು ತೀರಿಸಿಕೊಂಡ ಹಾಗೆ. ಮತ್ತೆ ಇಡಿ, ಮತ್ತೆ ಕಡೆಯಿರಿ. ಎರಡನೆಯ ಸಲ ಕಡೆಯುವಾಗ ಕೆನೆ. ಆಮೇಲೆ ಅಚ್ಚಿಗೆ. ಕೆನೆಯ ಅಳತೆ ಮಗಳ ಬಳಿ ಇದೆ, ಅದನ್ನು ಮೀರಬೇಡಿ, ಔಷಧಿಯ ಲೆಕ್ಕ ತಪ್ಪುತ್ತದೆ. ತೋಳು ನೋಯುತ್ತದೆ. ನೋಯಲಿ. ನಾನು ಕಡೆಯುವಾಗ ಯಾರನ್ನು ನೆನೆಯುತ್ತಿದ್ದೆ ಎಂದು ಹೇಳಬೇಕಾಗಿಲ್ಲ. ನಿಮಗೂ ನೆನೆಯಲು ನಾನಿದ್ದೇನೆ.

ಮೊದಲ ಕಡ್ಡಿಯನ್ನು ಮಗುವಿನ ಕೈಗೆ ಕೊಡುವಾಗ ಹೇಳಿ: ಇದನ್ನು ಮಾಡಲು ಕಲಿಸಿದ್ದು ನಿನ್ನ ಅಜ್ಜಿ, ರಜೆಯಲ್ಲಿ ನೀನು ತಿಂದದ್ದೂ ಅವಳದೇ, ನಾನು ಸುಮ್ಮನೆ ಹೌದೆಂದೆ. ನಿಮ್ಮ ಗಂಟಲಲ್ಲಿ ಹೇಳಿದರೆ ಅವಳು ನಂಬುತ್ತಾಳೆ. ನಾನು ಹೇಳಿದರೆ ನಗುತ್ತಾಳೆ. ಹೇಳಲು ನಾಲಿಗೆ ಏಳದಿದ್ದರೆ, ಹೇಳದೆಯೇ ಮಾಡಿ ಕೊಡಿ. ಆದರೆ ಕೊಡುವುದನ್ನು ತಪ್ಪಿಸಬೇಡಿ. ಆ ಶಾಲೆಯ ಚೀಲದಲ್ಲಿ ಇನ್ನೊಂದು ಐಸ್‌ಕ್ರೀಮಿನ ಕಾಗದ ಸಿಗಬಾರದು. ಹೆಸರು ಯಾರದಾದರೂ ಆಗಲಿ ಎಂದು ಬರೆಯಬೇಕಿತ್ತು ಇಲ್ಲಿ. ಬರೆಯಲು ಕೈ ಬರಲಿಲ್ಲ.

ಬೀಗರಿಗೆ ನಮಸ್ಕಾರ ತಿಳಿಸಿ. ನಿಮ್ಮ ಮಂಡಿನೋವು ಬೇಗ ವಾಸಿಯಾಗಲಿ, ಕಡೆಯುವ ತೋಳಿಗೆ ಬಲ ಬರಲಿ. ಮಗು ನೂರು ವರ್ಷ ಬಾಳಲಿ, ಬಾಯಿ ತುಂಬ ತಿನ್ನಲಿ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ಹೇಳಿದಿರೋ ಇಲ್ಲವೋ, ಹೇಳಿದ್ದರೆ ಅವಳು ಏನೆಂದಳು, ಅವಳದೇ ಮಾತಿನಲ್ಲಿ ಬರೆಯಿರಿ. ಕೆನೆ ಹಾಕಿ ಬರೆಯಬೇಡಿ.

ಇತಿ,
ನಿಮ್ಮ ಬೀಗಿತ್ತಿ,
ಅವಳ ಅಜ್ಜಿ