ಆ ದಡದ ಬೆಳಗೊಳ

ಫ್ಲಾಗ್‌ಸ್ಟಾಫ್, ಅರಿಜೋನಾ
೯ ಜೂನ್ ೨೦೨೪, ಭಾನುವಾರ ಬೆಳಿಗ್ಗೆ

ಏನೂಂದ್ರೆ,

ನಾನು, ನಿಮ್ಮ ಚಕ್ರೇಶ್ವರಿ. ‘ನಿಮ್ಮ’ ಎಂದು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನೀವಿನ್ನೂ ಶರಟು, ಪಂಚೆಯಲ್ಲೇ ಇದ್ದೀರಿ ಅನ್ನುವ ಧೈರ್ಯದ ಮೇಲೆ ಬರೆದಿದ್ದೇನೆ. ಮೊಬೈಲನ್ನು ನೀವು ಬಿಟ್ಟಿದ್ದೀರಿ, ಹಾಗಾಗಿ ಕಾಗದ. ಮದುವೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಒಂದೇ ಶಾಲೆ, ಒಂದೇ ಸ್ಟಾಫ್ ರೂಮು, ಒಂದೇ ಮನೆ. ಕಾಗದ ಬರೆಯುವಷ್ಟು ದೂರ ನಾವಿಬ್ಬರೂ ಯಾವತ್ತು ಹೋಗಿದ್ದೆವು ಹೇಳಿ?

ನಾನು ಚೆನ್ನಾಗಿದ್ದೇನೆ. ನಿಮ್ಮ ತಂಗಿಯ ಮಗಳು ಪ್ರಾರ್ಥನಾ, ಅವಳ ಗಂಡ ಸನ್ಮತಿ ಇಬ್ಬರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ. ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುವವರಾದ್ದರಿಂದ ಇಬ್ಬರಿಗೂ ಈಗ ಬೇಸಿಗೆ ರಜೆ. ಫೀನಿಕ್ಸಿನ ಅವರ ಮನೆಯಿಂದ ಕಾರಿನಲ್ಲಿ ಹೊರಟು ವಾರವಾಗುತ್ತ ಬಂತು. ಹಿಂದಿನ ಸೀಟಿನಲ್ಲಿ ನಾನು. ನೀವು ಕೂರಬೇಕಿದ್ದ ಜಾಗದಲ್ಲಿ ಅವಲಕ್ಕಿ ಡಬ್ಬ, ಚಪಾತಿ ಡಬ್ಬ, ನೀರಿನ ಕ್ಯಾನು. ಬ್ರೇಕ್ ಹಾಕಿದಾಗಲೆಲ್ಲ ಆ ಕ್ಯಾನು ಉರುಳಿ ನನ್ನ ಮೇಲೆ ಬೀಳುತ್ತದೆ. ಹಾಸನದ ಬಸ್ಸಿನಲ್ಲಿ ನೀವೂ ಹೀಗೇ ತೂಕಡಿಸಿ ಬೀಳುತ್ತಿದ್ದಿರಿ, ನಾನು ಮೊಣಕೈಯಲ್ಲಿ ತಿವಿಯುತ್ತಿದ್ದೆ. ಕ್ಯಾನನ್ನು ತಿವಿದು ಏನು ಪ್ರಯೋಜನ?

ಇಲ್ಲಿ ರಸ್ತೆಯೋ ರಸ್ತೆ. ಕಣ್ಣು ಸೋಲುವವರೆಗೂ ಒಂದು ಮರವಿಲ್ಲ, ಒಂದು ಟೀ ಅಂಗಡಿಯಿಲ್ಲ. ಎಲ್ಲಿಂದಲೋ ಒಂದು ರೈಲು ಬರುತ್ತದೆ, ಅದರ ಬಾಲ ಮುಗಿಯುವುದೇ ಇಲ್ಲ. ಮೊದಲು ನೋಡಿದ್ದು ಕಲ್ಲಾದ ಕಾಡನ್ನು. ಮರದ ದಿಮ್ಮಿಗಳೆಲ್ಲ ಕಲ್ಲಾಗಿ ಬಯಲಿನಲ್ಲಿ ಬಿದ್ದಿವೆ. ತೊಗಟೆ ಇದೆ, ಗಂಟುಗಳಿವೆ, ಕೊಯ್ದ ಹಾಗಿರುವ ಕಡೆ ಒಳಗಿನ ಬಳೆಯಂಥ ಸುತ್ತುಗಳೂ ಇವೆ. ಮುಟ್ಟಿದರೆ ಕಲ್ಲು! ಒಂದು ಚೂರನ್ನೂ ತೆಗೆದುಕೊಂಡು ಹೋಗಬಾರದು ಎಂದು ಬೋರ್ಡು ಹಾಕಿದ್ದಾರೆ. ನಿಮಗೆ ತೋರಿಸೋಣ ಎಂದು ಹುಣಸೆಬೀಜದಷ್ಟು ಒಂದು ಎತ್ತಿಕೊಂಡೆ, ಮತ್ತೆ ಅಲ್ಲೇ ಇಟ್ಟೆ. ತಂದರೂ ನೀವು ಇಟ್ಟುಕೊಳ್ಳುವ ಹಾಗಿಲ್ಲವಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಚಾತುರ್ಮಾಸ್ಯದಲ್ಲಿ ಬೆಳಗೊಳಕ್ಕೆ ಪ್ರವಚನ ಕೇಳಲು ಹೋಗುತ್ತಿದ್ದ ನೀವು, ಒಂದು ದಿನ ಕಾಫಿ ಲೋಟ ಕೆಳಗಿಟ್ಟು, ನನಗೆ ದೀಕ್ಷೆ ತೆಗೆದುಕೊಳ್ಳುವ ಮನಸ್ಸಾಗಿದೆ ಚಕ್ರೀ ಅಂದಿರಿ. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎಂದು ಹೇಳುವಷ್ಟು ಮೆತ್ತಗೆ ಅಂದಿರಿ. ಹೆಂಡತಿ ಮನಸಾರೆ ಒಪ್ಪದೆ ದೀಕ್ಷೆ ಕೊಡುವುದಿಲ್ಲ ಎಂದು ಸ್ವಾಮಿಗಳು ಹೇಳಿದ್ದಾರೆಂದೂ ಸೇರಿಸಿದಿರಿ. ಮಕ್ಕಳಿಲ್ಲ, ಅತ್ತೆ ಮಾವ ಇಲ್ಲ, ಒಪ್ಪಬೇಕಾದವಳು ನಾನೊಬ್ಬಳೇ. ನಾನು ತೀರ್ಮಾನ ಹೇಳುವ ಮೊದಲೇ ಈ ಬೇಸಿಗೆ ಬಂತು, ಇಬ್ಬರಿಗೂ ವೀಸಾ ಬಂದಿತ್ತು, ಟಿಕೆಟ್ಟಾಗಿತ್ತು. ನೀನು ಹೋಗಿ ನೋಡಿಕೊಂಡು ಬಾ, ಬಂದ ಮೇಲೆ ಹೂಂ ಅನ್ನು, ಉಹೂಂ ಅನ್ನು, ನಾನು ಒಂದು ಮಾತೂ ಆಡುವುದಿಲ್ಲ ಎಂದು ನನ್ನನ್ನು ಬೆಂಗಳೂರಿನಲ್ಲಿ ವಿಮಾನ ಹತ್ತಿಸಿ ನೀವು ಬೆಳಗೊಳಕ್ಕೆ ಹೋದಿರಿ.

ನನ್ನ ಸಿಟ್ಟು ನಿಮಗೆ ಗೊತ್ತು. ನೀವು ಇನ್ನೊಬ್ಬಳ ಹಿಂದೆ ಹೋಗಿದ್ದರೆ ಬೀದಿಯಲ್ಲಿ ನಿಂತು ಬೈದು, ಕಾಲರ್ ಹಿಡಿದು ಎಳೆದುಕೊಂಡು ಬರುತ್ತಿದ್ದೆ. ಮೋಕ್ಷದ ಹಿಂದೆ ಹೊರಟವರನ್ನು ಯಾವ ಬಾಯಲ್ಲಿ ಬೈಯಲಿ? ಸುದ್ದಿ ತಿಳಿದ ಮೇಲೆ ಬಸದಿಯಲ್ಲಿ ಹೆಂಗಸರೆಲ್ಲ ನನ್ನ ಕೈ ಹಿಡಿದು, ಎಂಥ ಪುಣ್ಯವಂತೆ ನೀನು ಎಂದರು. ನಾನು ನಕ್ಕೆ. ನಕ್ಕೂ ನಕ್ಕೂ ದವಡೆ ನೋವು ಬಂತು. ಪಕ್ಕದ ಮನೆ ನೀಲಾಂಬಿಕೆ ಒಬ್ಬಳೇ ಕಾಂಪೌಂಡಿನಾಚೆಯಿಂದ, “ಅಯ್ಯೋ ನಮ್ಮವ್ವ, ಗಂಡ ಬುಟ್ಟೋಯ್ತಾವ್ನೆ ಅಂದ್ರೆ ಎಲ್ರೂ ಕೈ ಮುಗೀತಾವ್ರಲ್ಲ, ಇದ್ಯಾವ ಸೀಮೆ ನ್ಯಾಯ ಕಣವ್ವ? ನೀನು ಅತ್ತುಬುಡು, ಸುಮ್ಕೆ ನಗಬ್ಯಾಡ” ಅಂದಳು. ಅವತ್ತು ಅವಳ ಅಡುಗೆಮನೆಯಲ್ಲಿ ಕೂತು ಅತ್ತೆ. ಇದನ್ನು ನಿಮಗೆ ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ.

ಮಾನ್ಯುಮೆಂಟ್ ವ್ಯಾಲಿಗೆ ಹೋಗಿದ್ದೆವು. ಸಮತಟ್ಟಾದ ಕೆಂಪು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಬಂಡೆ ಆಕಾಶಕ್ಕೆ ಎದ್ದು ನಿಂತಿದೆ. ಅದು ಅಲ್ಲಿಯ ಮೂಲನಿವಾಸಿಗಳ ನೆಲ. ಸಾಯಂಕಾಲ ಕಾರಿನ ಪಕ್ಕದಲ್ಲೇ ಜಮಖಾನ ಹಾಸಿ ಊಟಕ್ಕೆ ಕೂತೆ. ಹೊತ್ತು ಮುಳುಗಿದ ಮೇಲೆ ನಾನು ನೀರೂ ಮುಟ್ಟುವುದಿಲ್ಲವೆಂದು ಪ್ರಾರ್ಥನಾಗೆ ಗೊತ್ತಲ್ಲ, ಬೇಗ ಬೇಗ ಬಡಿಸಿದಳು. ಅರ್ಧ ಚಪಾತಿ ತಿಂದಿದ್ದೆ, ಸೂರ್ಯ ಒಂದು ಬಂಡೆಯ ಹಿಂದೆ ಹೋದ. ನಮ್ಮ ಮೇಲೆಲ್ಲ ನೆರಳು. ಮುಳುಗಿದ ಎಂದು ಕೈ ತೊಳೆದು, ಬಾಯಿ ಮುಕ್ಕಳಿಸಿ, ಡಬ್ಬ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಸನ್ಮತಿ, “ಅತ್ತೇ, ಸೂರ್ಯ ವಾಪಸ್ ಬಂದ, ಚಪಾತಿ ತಗೊಳ್ಳಿ!” ಎಂದು ಕೂಗಿದ. ನೋಡಿದರೆ ಬಂಡೆಯ ಇನ್ನೊಂದು ಮಗ್ಗುಲಿನಿಂದ ಸೂರ್ಯ ಹೊರಗೆ ಬಂದು ಪಳಪಳ ಎನ್ನುತ್ತಿದ್ದಾನೆ! ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೈ ತೊಳೆದ ಮೇಲೆ ಮತ್ತೆ ಕೂರಬಹುದೋ, ಕೂಡದೋ? ನಿಮ್ಮನ್ನು ಕೇಳೋಣವೆಂದು ತಿರುಗಿದೆ. ನಮ್ಮ ಮನೆಯಲ್ಲಿ ಹೊತ್ತು ನೋಡುವ ಕೆಲಸ ನಿಮ್ಮದು. ನೀವು ತಾರಸಿ ಹತ್ತಿ, ಕೊಬ್ಬರಿ ಮಂಡಿಯ ಹಿಂದಿನ ತೆಂಗಿನಮರಗಳ ಕಡೆ ನೋಡಿ, “ಚಕ್ರೀ, ಬಾರೇ, ಇನ್ನು ಹೆಚ್ಚು ಹೊತ್ತಿಲ್ಲ” ಎಂದು ಕೂಗಿದರೆ ನಾನು ಕೈಯಲ್ಲಿದ್ದ ಉತ್ತರಪತ್ರಿಕೆ ಬಿಟ್ಟು ಬರುತ್ತಿದ್ದೆ. ಮದುವೆಯಾದಂದಿನಿಂದ ನಾನಾಗಿ ಆಕಾಶ ನೋಡಿ ಊಟಕ್ಕೆ ಕೂತದ್ದೇ ಇಲ್ಲ ಕಣ್ರೀ. ನಗುತ್ತಿದ್ದವಳು ಹಾಗೇ ಅಳುವುದಕ್ಕೆ ಶುರುಮಾಡಿದೆ. ಮಕ್ಕಳು ಗಾಬರಿಯಾದರು. ಧೂಳು ಬಿತ್ತು ಅಂದೆ. ಅವತ್ತು ಆಮೇಲೆ ಏನನ್ನೂ ತಿನ್ನಲಿಲ್ಲ.

ನಿನ್ನೆ ಗ್ರ್ಯಾಂಡ್ ಕ್ಯಾನ್ಯನ್ ನೋಡಿದೆ.

ಹೇಗಿತ್ತು ಎಂದು ನೀವು ಕೇಳುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ, ಕೇಳಲೇಬೇಕು. ನೀವು ಭೂಗೋಳದ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದ್ದೆಲ್ಲ ಅರ್ಧಂಬರ್ಧ. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಮುಗಿಸುತ್ತಿದ್ದಿರಿ. ಕೆಂಪೊಂದೇ ಅಲ್ಲ ರೀ. ಕೆನೆ ಬಣ್ಣ, ಬೂದಿ ಬಣ್ಣ, ಹಸಿರು ಮಿಶ್ರದ ಕಂದು, ತಳದಲ್ಲಿ ಬದನೆಕಾಯಿಯಂಥ ನೇರಳೆ. ಮೋಡ ಬಂದರೆ ಒಂದು ಬಣ್ಣ, ಹೋದರೆ ಇನ್ನೊಂದು. ಅಷ್ಟು ದೊಡ್ಡ ಕಂದರವನ್ನು ಕೊರೆದ ನದಿ ಮೇಲಿಂದ ದಾರದೆಳೆಯ ಹಾಗೆ ಕಾಣುತ್ತದೆ, ಅದೂ ಒಂದೆರಡು ಕಡೆ ಮಾತ್ರ. ಸದ್ದೇ ಇಲ್ಲ. ಅಷ್ಟೊಂದು ಜನ ನಿಂತಿದ್ದರೂ ಎಲ್ಲರೂ ಬಸದಿಯೊಳಗೆ ಮಾತಾಡುವ ಹಾಗೆ ಪಿಸುಪಿಸು ಅನ್ನುತ್ತಿದ್ದರು.

ನಾನು ಪಕ್ಕದ ಕ್ಲಾಸಿನಲ್ಲಿ ಹಳಗನ್ನಡ ಪದ್ಯ ಓದಿಸುತ್ತಿದ್ದಾಗ ಗೋಡೆಯಾಚೆಯಿಂದ ನಿಮ್ಮ ದನಿ ಬರುತ್ತಿತ್ತು. “ಈ ದಡ ನಮ್ಮ ಚನ್ನರಾಯಪಟ್ಟಣ ಅನ್ಕೊಳ್ರೋ, ಆ ದಡ ಬೆಳಗೊಳ. ನಡುವೆ ಪೂರಾ ಪಾತಾಳ. ಈಗ ಹೇಳ್ರೋ, ಹೆಂಗೋಯ್ತೀರಾ?” ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ, “ಬಸ್ಸಲ್ಲಿ ಸಾ!” ಅನ್ನುತ್ತಿದ್ದ. ಪ್ರತಿ ವರ್ಷ ಅದೇ ಉತ್ತರ, ಪ್ರತಿ ವರ್ಷ ನಾನು ಪದ್ಯ ನಿಲ್ಲಿಸಿ ನಗುತ್ತಿದ್ದೆ. ನಿನ್ನೆ ಕಂಬಿ ಹಿಡಿದು ನಿಂತಾಗ ಎದುರು ದಡ ಮಬ್ಬಾಗಿ ಕಾಣುತ್ತಿತ್ತು. ನಿಮ್ಮ ಲೆಕ್ಕದಲ್ಲಿ ಅದು ಬೆಳಗೊಳ. ನೀವು ಅಲ್ಲಿ, ನಾನು ಇಲ್ಲಿ. ಅಲ್ಲಿಗೆ ಸೇತುವೆಯಿಲ್ಲ, ಸುತ್ತಿಕೊಂಡು ಹೋಗಲು ಅರ್ಧ ದಿನ ಬೇಕು ಎಂದು ಸನ್ಮತಿ ಹೇಳುತ್ತಿದ್ದ. ನನಗೆ ಒಂದೂ ಕಿವಿಗೆ ಬೀಳಲಿಲ್ಲ.

ಅಷ್ಟರಲ್ಲಿ ನಮ್ಮ ವಯಸ್ಸಿನದೇ ಗಂಡ ಹೆಂಡತಿ ಬಂದು, ಒಂದು ಫೋಟೋ ತೆಗೆಯಿರಿ ಎಂದು ಕ್ಯಾಮೆರಾ ಕೊಟ್ಟರು. ತೆಗೆದೆ. ಆ ಹೆಂಗಸು, ನಿಮ್ಮ ಯಜಮಾನರನ್ನು ಕರೆಯಿರಿ, ನಿಮ್ಮಿಬ್ಬರದನ್ನೂ ತೆಗೆಯುತ್ತೇನೆ ಅಂದಳು. ನನ್ನ ಇಂಗ್ಲಿಷ್ ನಿಂತುಹೋಯಿತು. ಇಲ್ಲ ಅನ್ನಲೇ? ಗುಂಡುಕಲ್ಲಿನ ಹಾಗೆ ಇದ್ದಾರೆ. ಇದ್ದಾರೆ ಅನ್ನಲೇ? ಎಲ್ಲಿದ್ದಾರೆ? ಊರಿನಲ್ಲಿದ್ದಾರೆ ಅಂದು ತಪ್ಪಿಸಿಕೊಂಡೆ. ನಿಜ ಹೇಳುತ್ತೇನೆ ರೀ, ನಾನು ಮನೆ ಬಿಡುವಾಗಲೇ ಉಹೂಂ ಅನ್ನುವುದೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದೆ. ಮೂರು ಲೋಕದ ಒಡೆಯ ಬಂದು ಕೇಳಿದರೂ ಕೊಡುವುದಿಲ್ಲ, ನನ್ನ ಗಂಡ ನನಗೆ ಬೇಕು ಅಂತ.

ಆದರೆ ನಿನ್ನೆ ಅಲ್ಲಿ ಬೆಂಚಿನ ಮೇಲೆ ಕೂತು ಯೋಚಿಸಿದೆ. ಯುಗಾದಿಗೆ ನಿಮಗೆ ಇಷ್ಟವೆಂದು ಕಾಯೊಬ್ಬಟ್ಟು ಮಾಡಿದ್ದೆ. ನೀವು ಅದನ್ನು ಗಂಜಿ ಕುಡಿಯುವ ಮುಖದಲ್ಲೇ ತಿಂದಿರಿ. ಚೆನ್ನಾಗಿದೆಯಾ ಎಂದು ಕೇಳಿದ್ದಕ್ಕೆ, ಚೆನ್ನಾಗಿದೆ ಅಂದಿರಿ. ಮೊದಲಾದರೆ ಇನ್ನೊಂದು ಹಾಕೇ ಎಂದು ಎಲೆ ಮುಂದಕ್ಕೆ ತಳ್ಳುತ್ತಿದ್ದಿರಿ. ರಾತ್ರಿ ನನ್ನ ಕಾಲಿಗೆ ಸೆಳೆತ ಬಂದಾಗ ಎದ್ದು ತಿಕ್ಕಿದಿರಿ, ಬಹಳ ಜೋಪಾನವಾಗಿಯೇ ತಿಕ್ಕಿದಿರಿ, ಆದರೆ ಯಾರ ಕಾಲಾದರೂ ಅಷ್ಟೇ ಜೋಪಾನವಾಗಿ ತಿಕ್ಕುವವರ ಹಾಗೆ. ಉಹೂಂ ಎಂದರೆ ನೀವು ಮಾತಿಗೆ ತಪ್ಪುವವರಲ್ಲ, ಬಂದು ಜಗಲಿ ಕುರ್ಚಿಯಲ್ಲಿ ಕೂರುತ್ತೀರಿ. ನಾನು ದಿನವೂ ನಿಮ್ಮ ಮುಖ ನೋಡುತ್ತ, ಇವರನ್ನು ನಾನು ಕಟ್ಟಿಹಾಕಿದ್ದೇನೆ ಅಂದುಕೊಳ್ಳುತ್ತ ಇರಬೇಕು. ಅದು ನನ್ನ ಕೈಯಲ್ಲಿ ಆಗುವುದಿಲ್ಲ. ಮನೆಯಲ್ಲಿದ್ದುಕೊಂಡೇ ನೀವು ಹೋಗಿ ಆಗಲೇ ಒಂದು ವರ್ಷವಾಗುತ್ತ ಬಂತು, ನನಗೆ ಗೊತ್ತಾದದ್ದು ನಿನ್ನೆ.

ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಗಂಡ ನೇಮಿರಾಜಯ್ಯನವರು ದೀಕ್ಷೆ ತೆಗೆದುಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇದೆ. ಮನಸಾರೆಯೋ ಎಂದು ಸ್ವಾಮಿಗಳು ಕೇಳಿದರೆ, ಮನಸ್ಸು ಇನ್ನೂ ಅಳುತ್ತಿದೆ, ಆದರೆ ಕೈ ತಡೆದಿಲ್ಲ ಎಂದು ಹೇಳಿ. ನಾನು ಊರಿಗೆ ಬರುವುದು ಜುಲೈನಲ್ಲಿ, ಈ ಕಾಗದ ಅದಕ್ಕೂ ಮುಂಚೆ ಬರುತ್ತದೆ. ನಿಮ್ಮನ್ನು ನೋಡಿದ ಕೂಡಲೇ ನಾನು ಬೇಡ ಅಂತೀನಿ, ಕಾಲು ಹಿಡಿದರೂ ಹಿಡಿದೇನು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ಕಾಗದದಲ್ಲಿರುವುದೇ ನನ್ನ ಮಾತು.

ಕೆಲವು ವಿಷಯಗಳನ್ನು ಇತ್ಯರ್ಥ ಮಾಡಿ ಹೋಗಿ. ನಿಮ್ಮ ಬಿಳಿ ಶರಟುಗಳನ್ನು ಏನು ಮಾಡಲಿ? ಇಸ್ತ್ರಿ ಮಾಡಿದ್ದು ಬೀರುವಿನಲ್ಲೇ ಇದೆ. ಕುಂಕುಮ, ತಾಳಿ ಇರಬೇಕೋ, ಬೇಡವೋ? ಬಸದಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವೇ ಒಂದು ಮಾತು ಹೇಳಿಬಿಡಿ. ದೀಕ್ಷೆಯ ದಿನ ನಾನು ಬರುತ್ತೇನೆ. ಆದರೆ ತಲೆಗೂದಲು ಕೀಳುವಾಗ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಪ್ರತಿ ಭಾನುವಾರ ನಾನು ಎಣ್ಣೆ ಹಚ್ಚಿದ ತಲೆ ಅದು, ನೋಡಲಾರೆ.

ಸನ್ಮತಿ ಕಾರು ತೊಳೆದು ಕಾಯುತ್ತಿದ್ದಾನೆ. ಅಂಚೆ ಕಚೇರಿಗೆ ಇವತ್ತು ರಜ, ಹೊರಗಿನ ನೀಲಿ ಡಬ್ಬಕ್ಕೆ ಹಾಕಿದರೆ ಸಾಕಂತೆ. ಆರೋಗ್ಯ ನೋಡಿಕೊಳ್ಳಿ. ಮಂಡಿ ನೋವಿಗೆ ಬೆಟ್ಟ ಹತ್ತುವಾಗ ನಿಧಾನ.

ಇತಿ,
ಇನ್ನೂ ಸಿಟ್ಟು ಇಳಿಯದ,
ಚಕ್ರೇಶ್ವರಿ

ಮರೆತಿದ್ದೆ: ಮುನಿಗಳು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು ಬರುತ್ತಾರಲ್ಲ, ಇಂಥದ್ದು ಕಂಡ ಬಾಗಿಲಲ್ಲಿ ಮಾತ್ರ ಆಹಾರ, ಕಾಣದಿದ್ದರೆ ಅವತ್ತು ಉಪವಾಸ ಎಂದು. ನಮ್ಮ ಬೀದಿಗೆ ಬಂದವರಲ್ಲಿ ಎಷ್ಟೋ ಜನರದು, ಗಂಡ ಹೆಂಡತಿ ಜೋಡಿಯಾಗಿ ಕಳಶ ಹಿಡಿದು ನಿಂತಿರಬೇಕು ಅನ್ನುವ ನಿಯಮ. ನಾವಿಬ್ಬರೂ ಹಾಗೆ ನಿಂತು ಆಹಾರ ಕೊಟ್ಟಿದ್ದೇವೆ. ಆ ನಿಯಮವನ್ನು ಅವರು ಯಾರಿಗೂ ಹೇಳಬಾರದು, ನಾವು ಕೇಳಲೂಬಾರದು, ಗೊತ್ತು. ಆದರೂ ಕೇಳಿಕೊಳ್ಳುತ್ತೇನೆ. ಎಂದಾದರೂ ನಮ್ಮ ಬೀದಿಗೆ ಬಂದರೆ, ಅವತ್ತೊಂದು ದಿನ ಜೋಡಿಯ ನಿಯಮ ಹಿಡಿಯಬೇಡಿ. ಬಾಗಿಲಲ್ಲಿ ನಾನೊಬ್ಬಳೇ ನಿಂತಿರುತ್ತೇನೆ.