ಅಮ್ಮನ ಪರವಾಗಿ ಮಾತಾಡುವವಳು

ಭಾನುವಾರ, ಮಧ್ಯಾಹ್ನ

ಅಕ್ಕಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನೆ ಫೋನಿನಲ್ಲಿ ನಿನ್ನ ದನಿ ಚೆನ್ನಾಗಿಯೇ ಇತ್ತು. ಅಮ್ಮನ ಆ ಕಾಗದಕ್ಕೆಲ್ಲ ನಾನ್ಯಾಕೆ, ಅಮ್ಮನ ಪಕ್ಕದಲ್ಲೇ ನೀನಿದ್ದೀಯಲ್ಲ, ನಿನ್ನ ಹೆಸರೇ ಹಾಕಿಸಿಕೋ ಅಂದೆ ನೀನು. ನಾನು ಫೋನ್ ಇಟ್ಟುಬಿಟ್ಟೆ. ಇನ್ನೊಂದು ಮಾತಾಡಿದ್ದರೆ ಕೂಗಾಡುತ್ತಿದ್ದೆ, ಒಳಗೆ ಮಲಗಿದ್ದ ಅಮ್ಮನಿಗೆ ಕೇಳಿಸುತ್ತಿತ್ತು. ಅದಕ್ಕೇ ಈ ಕಾಗದ. ಅರ್ಧಕ್ಕೇ ಶಾಲೆ ಬಿಟ್ಟವಳು ಬರೆದದ್ದು. ಕೆಂಪು ಮಸಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ, ಟೀಚರಮ್ಮ.

ಅಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವಳು. ಒಳಗೆ ಒಬ್ಬರು ಪ್ರಜ್ಞೆ ತಪ್ಪಿ ಮಲಗಿರುತ್ತಾರೆ. ಹೊರಗೆ ಒಬ್ಬ ಮಗ ಉಸಿರಾಟದ ಮೆಷಿನ್ ಹಾಕಿ ಅಂತಾನೆ, ಇನ್ನೊಬ್ಬ ಬೇಡ ಅಂತಾನೆ, ಕೊನೆಗೆ ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ. ಇದನ್ನು ನೋಡಿ ನೋಡಿ ಅವಳಿಗೆ ಸಾಕಾಗಿದೆಯಂತೆ. ತನಗೆ ಮಾತು ನಿಂತ ದಿನ ಡಾಕ್ಟರು ಯಾರನ್ನು ಕೇಳಬೇಕು ಎನ್ನುವುದನ್ನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬೇಕು ಎಂದು ಹಟ ಹಿಡಿದಳು. ಮಂಗಳವಾರ ಲಾಯರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಸ್ಕೂಟರಿನ ಹಿಂದೆ ನನ್ನ ಸೊಂಟ ಹಿಡಿದು ಕೂತು, ದಾರಿಯ ಗುಂಡಿಗಳಿಗೆಲ್ಲ ನನ್ನನ್ನೇ ಬೈದಳು.

ಮೇಡಂ ಮೊದಲು ಕೇಳಿದ್ದು ನಾನು ಅಮ್ಮನ ಜೊತೆಗೇ ಇರುವವಳಾ ಎಂದು. ಹೌದು ಅಂದೆ. ಹಾಗಾದರೆ ಸ್ವಲ್ಪ ಹೊರಗಿರಿ ಅಂದರು. ಒಂದೇ ಮನೆಯಲ್ಲಿರುವವರು ಪಕ್ಕದಲ್ಲಿ ಕೂತರೆ ವಯಸ್ಸಾದವರು ಬಾಯಿ ಬಿಡುವುದಿಲ್ಲವಂತೆ, ಹಾಗೆ ಹೊರಗೆ ಕೂರಿಸುವುದು ಮೇಡಂ ರೂಢಿ. ಅಮ್ಮನ ಬೆನ್ನು ಉಜ್ಜುವವಳು ನಾನು, ಕಾಲುಗುರು ಕತ್ತರಿಸುವವಳು ನಾನು, ಎದ್ದು ಹೊರಗೆ ನಡೆಯಬೇಕಾದವಳೂ ನಾನು. ಹೊರಗಿನ ಸೋಫಾದ ಸ್ಪ್ರಿಂಗ್ ಕಿತ್ತುಹೋಗಿತ್ತು. ಈಗ ಸೋಫಾ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನಲ್ಲ, ಕೈ ಸುಮ್ಮನಿರದೆ ಅಡಿಯ ಬಟ್ಟೆ ಎತ್ತಿ ನೋಡುತ್ತಿದ್ದೆ. ಗಾಜಿನಾಚೆ ಅಮ್ಮ ಏನೋ ಹೇಳಿ ನಗುತ್ತಿದ್ದಳು. ನನ್ನ ಜೊತೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೋ.

ಆಮೇಲೆ ಒಳಗೆ ಕರೆದರು. ಏನೋ ಕೇಳಿದರು, ಏನೋ ಹೇಳಿದೆ. ಕಾಗದದಲ್ಲಿ ಬಂದು ಕೂತದ್ದು ನಿನ್ನ ಹೆಸರು.

ಹೊಟ್ಟೆ ಉರಿಯಿತು ಅಕ್ಕ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೊದಲಿನಿಂದಲೂ ಉರಿಯುತ್ತಲೇ ಇದೆ. ನೀನು ಬರುತ್ತೀಯ ಎಂದರೆ ಅಮ್ಮ ಬೆಳಗ್ಗೆಯೇ ಹಲ್ಲಿನ ಸೆಟ್ಟು ಹಾಕಿಕೊಂಡು ಕೂರುತ್ತಾಳೆ. ನನ್ನೆದುರು ವರ್ಷವಿಡೀ ಬೋಳು ಬಾಯಿ. ನೀನು ತಂದ ಸ್ವೆಟರ್ ಬೀರುವಿನಲ್ಲಿ ಮಡಿಕೆ ಮುರಿಯದೆ ಇದೆ, ನಾನು ತಂದದ್ದನ್ನು ತೊಟ್ಟು ಪಾತ್ರೆ ತೊಳೆಯುತ್ತಾಳೆ. ಅವತ್ತು ಮನೆಗೆ ಬಂದು ಅಡುಗೆಮನೆಯಲ್ಲಿ ಸದ್ದು ಮಾಡುತ್ತಿದ್ದಾಗ ಒಳಗಿಂದಲೇ ಕೇಳಿದಳು, ಅಡುಗೆ ಮಾಡುತ್ತಿದ್ದೀಯೋ ಗೋಡೆ ಒಡೆಯುತ್ತಿದ್ದೀಯೋ ಎಂದು.

ಮರುದಿನ ಅಂಗಡಿಯ ಮೇಸ್ತ್ರಿಗೂ ನನ್ನ ಮುಖ ನೋಡಿಯೇ ಗೊತ್ತಾಯಿತು. ವಿಷಯ ಹೇಳಿದೆ.

"ನಿಮ್ಮಕ್ಕನಿಗೆ ಸಿಕ್ಕಿರೋದೇನು, ಬಂಗಲೆಯಾ?" ಅಂದ. "ಎದೆ ಒಡೆಯೋ ಕೆಲಸ ಅದು. ಅದಕ್ಕೂ ಹೊಟ್ಟೆಕಿಚ್ಚೇನೆ ಮಾರಾಯ್ತಿ?"

ಅದಕ್ಕೂ ಅಂದೆ. ಮನೆ ನಿನಗೆ ಬರೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಮ್ಮನ ಬಾಯಿ ಮುಚ್ಚಿಹೋದ ಮೇಲೆ ಅವಳ ಬಾಯಿ ನೀನು ಎಂದು ಬರೆದರಲ್ಲ, ಅದು.

ಈಗ ನೀನು ಬೇಡ ಅನ್ನುತ್ತಿದ್ದೀಯ. ಹೆಸರಿರುವವಳು ಬಂದು ಒಪ್ಪಿ ಸಹಿ ಹಾಕದಿದ್ದರೆ ಆ ಕಾಗದ ನಡೆಯುವುದಿಲ್ಲವಂತೆ. ಅದು ತಿಳಿದು ಅಮ್ಮನಿಗೆ ನಿನ್ನೆಯಿಂದ ಊಟ ಸೇರುತ್ತಿಲ್ಲ. ಕೌಂಟರಿನ ಮುಂದೆ ಯಾವ ಜಗಳ ಬೇಡ ಅಂದಳೋ ಅದೇ ಜಗಳ ನಮ್ಮಿಬ್ಬರ ನಡುವೆ ಆಗುತ್ತದೆ ಎಂದು ಅವಳಿಗೆ ಭಯ. ಆ ಹೊಣೆಯನ್ನು ನನ್ನ ಮೇಲೆ ತಳ್ಳಬೇಡ. ದೂರ, ಪರೀಕ್ಷೆ, ರಜೆ ಇಲ್ಲ ಎಂದೆಲ್ಲ ಹೇಳಬೇಡ. ಶನಿವಾರ ಬಂದು ಸಹಿ ಹಾಕು. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಮಾತಾಡಿಸುತ್ತೇನೆ ಎಂದು ಮಾತ್ರ ಭರವಸೆ ಕೊಡಲಾರೆ.

ನಿನ್ನ ಮೇಲೆ ಉರಿಯುತ್ತಲೇ ಇರುವ,
ಬುಗುರಿ

ಮತ್ತೆ: ಮೇಲೆ ಒಂದು ವಿಷಯ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಒಳಗೆ ಕರೆದಾಗ ಆ ಕಾಗದದಲ್ಲಿದ್ದದ್ದು ನನ್ನ ಹೆಸರು. ಅಮ್ಮ ಮೊದಲು ಹೇಳಿದ್ದು ನನ್ನನ್ನೇ. ಮೇಡಂ ನನ್ನ ಮುಖ ನೋಡಿ ಕೇಳಿದರು: "ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಮೆಷಿನ್ ಬೇಡ ಅಂತ ನಿಮ್ಮ ತಾಯಿ ಹೇಳಿದಾರೆ. ಆ ಹೊತ್ತಲ್ಲಿ ನೀವು ಅದನ್ನೇ ಹೇಳ್ತೀರಾ?" ಹೂಂ ಅನ್ನು ಎಂದು ಅಮ್ಮ ಕಣ್ಣಲ್ಲೇ ಹೇಳುತ್ತಿದ್ದಳು. ಒಂದು ಹೂಂ ಸಾಕಿತ್ತು.

"ಇಲ್ಲ, ಹಾಕಿ ಅಂತೀನಿ. ಡಾಕ್ಟರ ಕಾಲು ಹಿಡಿದಾದ್ರೂ ಹಾಕಿಸ್ತೀನಿ" ಅಂದೆ.

ಅಮ್ಮ ಬೈಯಲಿಲ್ಲ. "ಹಾಗಾದ್ರೆ ದೊಡ್ಡವಳ ಹೆಸರು ಬರ್ಕೊಳಿ, ಅವಳು ನನ್ನ ಮಾತು ಉಳಿಸ್ತಾಳೆ" ಅಂದಳು. ಯೋಚನೆಯನ್ನೂ ಮಾಡಲಿಲ್ಲ ಅಕ್ಕ. ಉರಿಯುವುದು ಅದಕ್ಕೇ. ಆ ದಿನ ಬಂದಾಗ ನಾನು ನಿನ್ನ ಕಾಲನ್ನೂ ಹಿಡಿಯುತ್ತೇನೆ. ನೀನು ನನ್ನ ಮಾತು ಕೇಳಬೇಡ.