ಅಪ್ಪನ ಕೊಡೆಯ ಮೇಲೆ ನಿನ್ನ ಚೀಟಿ

ಶಾಂಘೈ,
ಏಪ್ರಿಲ್ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಪೇಯ್‌ವೆನ್‌ಗೆ,

ಹೇಗಿದ್ದೀಯಮ್ಮಾ? ಬೆನ್ನುನೋವು ಇಳಿಯಿತೇ? ಕುನ್‌ಮಿಂಗ್‌ನಲ್ಲಿ ಸಂಜೆಯಾದರೆ ತಣ್ಣನೆ ಗಾಳಿ ಅನ್ನುತ್ತಾರೆ, ಕಳಿಸಿದ ಉಣ್ಣೆಯ ಒಳಂಗಿ ಹಾಕಿಕೊಳ್ಳುತ್ತೀಯೋ ಅಥವಾ ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಮಗಳು ಮಾನ್‌ಮಾನ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಶಾಲೆಯಲ್ಲಿ ಅಕ್ಷರ ಚೆನ್ನಾಗಿ ಬರೆಯುತ್ತಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಬೈಯಲು ಶುರುಮಾಡಿದರೆ ನೀನು 'ಬಿಡಮ್ಮಾ, ಆಮೇಲೆ ಮಾತಾಡ್ತೀನಿ' ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ನೀನು ಅರ್ಧಕ್ಕೆ ಇಡಲಾರೆ.

ನಿನ್ನೆ ನಮ್ಮ ಹತ್ತಿ ಗಿರಣಿಯ ನಿವೃತ್ತರ ಸಂಘದವರು ಒಂದು ದಿನದ ನಗರ ಪ್ರವಾಸ ಇಟ್ಟಿದ್ದರು. ಎದುರು ಮನೆಯ ಝೌ ಅಕ್ಕ ಬಂದು 'ನಮ್ಮೂರನ್ನ ನಮಗೇ ತೋರಿಸ್ತಾರಂತೆ, ಬಾರೇ, ಮಗೂನೂ ಕರ್ಕೊಂಡ್ ಬಾ' ಎಂದು ಎಳೆದುಕೊಂಡು ಹೋದಳು. ನಿನ್ನಪ್ಪ ಬರಲಿಲ್ಲ. ಶನಿವಾರ ಅವರ ಚದುರಂಗದ ದಿನ, ನಿನಗೆ ಗೊತ್ತಲ್ಲ. ಅರವತ್ತೈದು ವರ್ಷ ಈ ಊರಿನಲ್ಲಿ ಬಾಳಿದ ನನ್ನ ತಲೆಗೆ ಹಳದಿ ಟೋಪಿ ಹಾಕಿಸಿ, ಮಗಳಷ್ಟು ವಯಸ್ಸಿನ ಒಬ್ಬಳು ಗೈಡು ಬಾವುಟ ಹಿಡಿದು 'ಅಜ್ಜಿಯರೇ, ಸಾಲು ಬಿಡ್ಬೇಡಿ, ಸಾಲು ಬಿಡ್ಬೇಡಿ' ಎಂದು ಕುರಿ ಹೊಡೆದ ಹಾಗೆ ಹೊಡೆದಳು. ಎಲ್ಲಿಗೆ ಕರೆದುಕೊಂಡು ಹೋದಳು ಅನ್ನುತ್ತೀ? ಹಳೆಯ ಓಣಿ ತೋರಿಸಲು! ಗೋಡೆಗೆ ಹೊಸ ಇಟ್ಟಿಗೆ ಅಂಟಿಸಿ ಹಳೆಯದು ಅನ್ನುತ್ತಾರೆ. ಬಾಗಿಲ ಪಕ್ಕದಲ್ಲಿ ಕೆಂಪು ಮರದ ಮರಿಗೆಗಳನ್ನು ಸಾಲಾಗಿ ಇಟ್ಟು ಹೂವಿನ ಗಿಡ ನೆಟ್ಟಿದ್ದಾರೆ, ಹುಡುಗಿಯರು ಅದಕ್ಕೆ ಒರಗಿ ಕಾಫಿ ಕುಡಿಯುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವು ಮಲದ ಮರಿಗೆಗಳು ಕಣೇ! ಹನ್ನೊಂದನೇ ವಯಸ್ಸಿನಿಂದ ದಿನಾ ಬೆಳಗ್ಗೆ ಬಿದಿರಿನ ಪೊರಕೆ ಹಿಡಿದು ನಾನು ತಿಕ್ಕಿದವು. ಗೈಡು 'ನಮ್ಮ ಪೂರ್ವಿಕರು ಇದರಲ್ಲಿ ಅಕ್ಕಿ ತೊಳೀತಿದ್ರು' ಅಂದಳು. ಝೌ ಅಕ್ಕ ನಕ್ಕು ನಕ್ಕು ಕೆಮ್ಮಿದಳು. ನನಗೆ ಹೇಸಿಗೆಯಾಗಿ ಊಟದ ಹೊತ್ತಿಗೆ ಕೊಟ್ಟ ಸಾರು ತುಂಬಿದ ಕಡುಬು ಗಂಟಲಿಗಿಳಿಯಲಿಲ್ಲ. ತಣ್ಣಗಾಗಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು, ಥೂ.

ಊಟವಾದ ಮೇಲೆ ಊರ ನಡುವಿನ ಉದ್ಯಾನಕ್ಕೆ ಬಂದೆವು. ಅಲ್ಲಿ ವಾರದ ಕೊನೆಗೆ ತಂದೆತಾಯಿಗಳು ಮಕ್ಕಳ ಸಂಬಂಧ ಹುಡುಕುವ ಮೂಲೆ ಇದೆಯಲ್ಲ, ಬಿಸಿಲಿನಲ್ಲೂ ಕೊಡೆ ಬಿಚ್ಚಿ ನೆಲದ ಮೇಲಿಟ್ಟು, ಅದಕ್ಕೆ ಮಗ ಇಷ್ಟು ಎತ್ತರ, ಮಗಳು ಇಷ್ಟು ಓದಿದ್ದಾಳೆ ಎಂದು ಚೀಟಿ ಸಿಕ್ಕಿಸಿಕೊಂಡು ಕೂತಿರುತ್ತಾರಲ್ಲ, ಅದೂ ಈಗ ನೋಡುವ ಜಾಗವಂತೆ. ಗೈಡು ಮೈಕಿನಲ್ಲಿ 'ಫೋಟೋ ತೆಗೀಬೇಡಿ, ಪಾಪ, ಬೇಜಾರು ಮಾಡ್ಕೋತಾರೆ' ಅನ್ನುತ್ತಲೇ ನಡುವೆ ನಡೆಸಿಕೊಂಡು ಹೋದಳು. ಆಗ ಕಂಡಿತು ನನ್ನ ನೀಲಿ ಹೂವಿನ ಕೊಡೆ. ಅದರ ಹಿಂದೆ ಮಡಚುವ ಮಣೆಯ ಮೇಲೆ ನಿನ್ನಪ್ಪ. ಚದುರಂಗ! ಎರಡು ವರ್ಷದಿಂದ ಶನಿವಾರ ಶನಿವಾರ ಚದುರಂಗ! ಚೀಟಿಯಲ್ಲಿ ಅವರ ಗುಂಡು ಗುಂಡು ಅಕ್ಷರ. ನೀನು ಹುಟ್ಟಿದ್ದು ಕುರಿಯ ವರ್ಷದಲ್ಲಿ, ಕುರಿ ವರ್ಷದ ಹೆಣ್ಣು ದುರದೃಷ್ಟದವಳು, ಯಾರೂ ಒಪ್ಪುವುದಿಲ್ಲವೆಂದು ಹುಟ್ಟಿದ್ದನ್ನೇ ಒಂದು ವರ್ಷ ಮುಂದೆ ತಳ್ಳಿ ಕೋತಿಯ ವರ್ಷ ಮಾಡಿದ್ದಾರೆ. ಅಷ್ಟಾಗಿದ್ದರೆ ನಕ್ಕು ಬಿಡುತ್ತಿದ್ದೆ. ಅದರ ಕೆಳಗೆ 'ಅಲ್ಪಕಾಲದ ಮದುವೆ, ವಿಚ್ಛೇದನವಾಗಿದೆ, ಮಕ್ಕಳಿಲ್ಲ' ಎಂದು ಬರೆದಿತ್ತು.

ಮುತ್ತಿನ ಸರ ಹಾಕಿದ ಒಬ್ಬ ಹೆಂಗಸು ಬಗ್ಗಿ ಆ ಚೀಟಿ ಓದುತ್ತಿದ್ದಳು. ಮಾನ್‌ಮಾನ್ ನನ್ನ ಕೈ ಕೊಡವಿಕೊಂಡು 'ಅಜ್ಜಾ!' ಎಂದು ಓಡಿಹೋಗಿ ನಿನ್ನಪ್ಪನ ಕೊರಳಿಗೆ ಬಿದ್ದಳು. ಆ ಹೆಂಗಸು ತಲೆಯೆತ್ತಿ 'ಇದ್ಯಾರು ಮಗು? ನಿಮ್ಮನ್ನ ಅಜ್ಜ ಅಂತಿದೆಯಲ್ಲ?' ಅಂದಳು. ನಿನ್ನಪ್ಪ ಮಗುವಿನ ಕೈಗಳನ್ನು ಮೆಲ್ಲಗೆ ಬಿಡಿಸಿ, 'ಪಕ್ಕದ್ಮನೇದು. ಸಲಿಗೆ ಜಾಸ್ತಿ' ಅಂದರು. ಒಂಬತ್ತು ತಿಂಗಳ ಕೂಸಾಗಿದ್ದಾಗಿನಿಂದ ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ ಮನುಷ್ಯ! ಮಾನ್‌ಮಾನ್ ನನ್ನ ಕಡೆ ತಿರುಗಿ ನೋಡಿದಳು, ನಾನು ಸರಿಮಾಡುತ್ತೇನೆ ಎಂದು. ನಾನೂ ಬಾಯಿ ಬಿಡಲಿಲ್ಲ ಪೇಯ್‌ವೆನ್. ಆ ಮುತ್ತಿನ ಸರ ನೋಡಿ ಒಂದು ಕ್ಷಣ ನನಗೂ 'ಒಳ್ಳೆಯ ಮನೆತನ' ಅನ್ನಿಸಿಬಿಟ್ಟಿತ್ತು. ಅಪ್ಪನ ಮೇಲಿನ ಹೇಸಿಗೆಗಿಂತ ನನ್ನ ಮೇಲಿನ ಹೇಸಿಗೆ ಹೆಚ್ಚು. ಅಷ್ಟರಲ್ಲಿ ಗೈಡು ಬಸ್ಸು ಹೊರಡಲು ಹತ್ತು ನಿಮಿಷ ಅಂದಳು, ನಾನು ಮಗುವಿನ ಕೈ ಹಿಡಿದುಕೊಂಡು ಸಾಲಿನಲ್ಲಿ ನಿಂತೆ.

ಸಂಜೆ ನಿನ್ನಪ್ಪ ಮನೆಗೆ ಬಂದರು, ಕೈಯಲ್ಲಿ ಮಗುವಿಗೆ ಎಳ್ಳಿನ ಮಿಠಾಯಿ. ಅನ್ನ ಬಡಿಸಿ, ಅಜ್ಜನನ್ನು ಕರೆ ಎಂದು ಮಗುವಿಗೆ ಹೇಳಿದೆ. ಮಾನ್‌ಮಾನ್ ಬಾಗಿಲಲ್ಲಿ ನಿಂತು, ಎದುರು ಮನೆಯ ಮುದುಕರನ್ನು ಕರೆಯುವ ಹಾಗೆ ಮನೆತನದ ಹೆಸರು ಹಿಡಿದು, 'ಗು ತಾತ, ಊಟಕ್ಕೆ ಬನ್ನಿ' ಅಂದಳು. ಕೋಪವಿಲ್ಲ, ಅಳುವಿಲ್ಲ. ಹಾಗೆ ಕರೆಯಬೇಕು ಎಂದು ಅವಳಿಗೆ ಗೊತ್ತಾಗಿದೆ, ಕರೆಯುತ್ತಿದ್ದಾಳೆ, ಅಷ್ಟೇ. ನಿನ್ನಪ್ಪ ಬಂದು ಕೂತು, ಎತ್ತಿಕೊಂಡ ಚಾಪ್‌ಸ್ಟಿಕ್ ಮತ್ತೆ ಕೆಳಗಿಟ್ಟು ಬಚ್ಚಲಿಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ಅಲ್ಲೇ ಇದ್ದರು. ಇವತ್ತು ಬೆಳಗ್ಗೆಯೂ 'ಗು ತಾತ'ನೇ. ಈಗ ಅವಳನ್ನು ಐಸ್‌ಕ್ರೀಂ ಕೊಡಿಸಲು ಕರೆದುಕೊಂಡು ಹೋಗಿದ್ದಾರೆ. ಹೋಗುವಾಗ ಕೈ ಕೊಟ್ಟಳು.

ಝೌ ಅಕ್ಕ ನಿನ್ನನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಲಸ ಕೆಲಸ ಎಂದು ಮೈ ಕೆಡಿಸಿಕೊಳ್ಳಬೇಡ. ಎಷ್ಟು ಸಿಟ್ಟಿದ್ದರೂ ನೀನು ಸುಖವಾಗಿರಬೇಕು ಎಂಬುದನ್ನು ಬಿಟ್ಟು ನನಗೆ ಬೇರೆ ಆಸೆ ಇಲ್ಲ.

ನಿನ್ನ ಅಮ್ಮ,
ಶೆನ್ ಗುಯಿಝೆನ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ರಾತ್ರಿ ನಾನು ಬಾಯಿಗೆ ಬಂದದ್ದೆಲ್ಲ ಬೈದ ಮೇಲೆ ನಿನ್ನಪ್ಪ ಫೋನ್ ತೆಗೆದು ನಿನ್ನ ಸಂದೇಶ ತೋರಿಸಿದರು. 'ಅಪ್ಪಾ, ಮಗು ಇಲ್ಲ ಅಂತಲೇ ಬರಿ' ಎಂದಿತ್ತು. ಹೋದ ಚಳಿಗಾಲದ್ದು. ಇಷ್ಟುದ್ದ ಅವರನ್ನು ಬೈದದ್ದು ನಿನ್ನನ್ನು ಬೈಯಲಾರದೆ. ಅವರು ಬಾಗಿಲ ಹತ್ತಿರ ಬಂದರು, ಮಾನ್‌ಮಾನ್‌ಳ ಚಪ್ಪಲಿ ಸದ್ದು ಕೇಳಿಸುತ್ತಿದೆ. ಮೇ ರಜೆಗೆ ಬರುತ್ತೀಯಲ್ಲ, ನಿನ್ನನ್ನು ಏನೆಂದು ಕರೆಯಬೇಕೆಂದು ಬೆಳಗ್ಗೆ ನನ್ನನ್ನು ಕೇಳಿದಳು. ನಾನು ಹೇಳಲಿಲ್ಲ. ನೀನೇ ಬಂದು ಹೇಳು.